‘ಮರಿ ಮಾಡೀತು’, ‘ಮಾಡಿರಬಹುದು’, ‘ಮಾಡಿರಬೇಕು’: ಹಕ್ಕಿಪಟ್ಟಿಯೊಂದಕ್ಕೆ ಬೇಕಾದ ಪದಗಳು

ಮಾನ್ಯರೇ,

ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಬಯಲು ಹಕ್ಕಿಗಳ ಪಟ್ಟಿಯೊಂದನ್ನು ನಾವು ಕೆಲವು ಗೆಳೆಯರು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಪಟ್ಟಿಯ ಒಂದು ಕಾಲಂ, ಆಯಾ ಹಕ್ಕಿ ಇಲ್ಲಿಯೇ ಮರಿ ಮಾಡುತ್ತದೆಯೋ ಅಥವಾ ಬಂದು ಹೋಗುತ್ತದೆಯೋ ಎಂಬುದಕ್ಕೆ ಮೀಸಲು. ಆ ಕಾಲಂನಲ್ಲಿ ಬಳಸಬೇಕಾದ ಪದಗಳ ಬಗ್ಗೆ ನಮ್ಮೊಳಗೆ ಒಮ್ಮತವಾಗಿಲ್ಲ. ವ್ಯಾಕರಣ ಬಲ್ಲವರೂ, ಈ ಭಾಗದ ಆಡುಮಾತಿನಲ್ಲಿ ಪಳಗಿದವರೂ ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಚರ್ಚೆಗೆ ಒಂದೇ ಹಕ್ಕಿಯನ್ನು ಮುಂದಿಟ್ಟುಕೊಳ್ಳುತ್ತೇನೆ. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1832ರಲ್ಲಿ ದಖ್ಖನ್ನಿನ ಹಕ್ಕಿಗಳ ಜೊತೆಗೆ ವರ್ಣಿಸಿದ, ‘ಗ್ಯಾಲೆರಿಡಾ ದೇವಾ’ ಎಂಬ ಶಾಸ್ತ್ರೀಯ ಹೆಸರಿನ, ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಜುಟ್ಟಿನ ನೆಲಗುಬ್ಬಿ ಅದು. ಉದ್ದ ಸುಮಾರು 14 ಸೆಂಟಿಮೀಟರ್, ಮೈಬಣ್ಣ ಕೆಂಪು ಬೆರೆತ ಕಂದು, ಎದೆಯ ಮೇಲಿನ ಗೀರುಗಳು ವಿರಳ. ಜಂಬಿಟ್ಟಿಗೆ ನೆಲದ ಮೇಲೆ ಅದು ಅಲುಗಾಡದೆ ಕುಳಿತರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಗಂಡು ಆಕಾಶಕ್ಕೇರಿ ಹಾಡಲು ತೊಡಗಿದಾಗ ಮಾತ್ರ ಇದೆಯೆಂದು ಗೊತ್ತಾಗುತ್ತದೆ. ಆ ಹಾಡಿನಲ್ಲಿಯೂ ಬೇರೆ ಹಕ್ಕಿಗಳ ಕೂಗಿನ ಅನುಕರಣೆ ಬೆರೆತಿರುವುದರಿಂದ ಕಿವಿ ಮೋಸಹೋಗುವುದು ಸುಲಭ.

ಹೆಸರಿನದೇ ಒಂದು ತೊಡಕಿದೆ. ‘ನೆಲಗುಬ್ಬಿ’ ಎಂಬ ಪದ ನಮ್ಮಲ್ಲಿ ಒಂದೇ ಹಕ್ಕಿಗೆ ಸಲ್ಲುವುದಲ್ಲ. ಗಂಡಿಗೆ ಕಪ್ಪು ಹೊಟ್ಟೆಯೂ ಬೂದುಬಣ್ಣದ ನೆತ್ತಿಯೂ ಇರುವುದು ಒಂದು. ಯರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಕಾಣುವ ಕೆಂಬಾಲದ್ದು ಇನ್ನೊಂದು. ಮೇಲಕ್ಕೆ ಹಾರಿ, ಕಾಲು ಇಳಿಬಿಟ್ಟುಕೊಂಡು ತೇಲುತ್ತ ಇಳಿಯುವ ಕೆಂಪು ರೆಕ್ಕೆಯದು ಮತ್ತೊಂದು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಿಂಡುಹಿಂಡಾಗಿ ಬಂದು, ಬೇಸಿಗೆಗೆ ಮೊದಲೇ ಮರಳಿಹೋಗುವ ಗಿಡ್ಡ ಬೆರಳಿನದು ಬೇರೆಯೇ ಇದೆ. ಕುರಿ ಕಾಯುವವರನ್ನು ವಿಚಾರಿಸಿದರೆ ಇವೆಲ್ಲಕ್ಕೂ ‘ಮಡ್ಡ್ಯಾಗಿನ ಗುಬ್ಬಿರಿ ಸರ’ (ಮಡ್ಡಿ ನೆಲದ ಗುಬ್ಬಿ) ಎಂಬ ಒಂದೇ ಉತ್ತರ ಬರುತ್ತದೆ, ಮತ್ತು ಅವರ ಮಟ್ಟಿಗೆ ಅದು ಸರಿಯಾದ ಉತ್ತರವೇ. ಉರ್ದು, ಮರಾಠಿಗಳ ‘ಚಂಡೋಲ’ವನ್ನು ತೆಗೆದುಕೊಳ್ಳೋಣವೆಂದು ಒಬ್ಬರು ಸೂಚಿಸಿದರು, ಅದೂ ಜಾತಿವಾಚಕವೇ ಆದ್ದರಿಂದ ಲಾಭವಿಲ್ಲ. ಇನ್ನೊಬ್ಬರು ಅಮರಕೋಶದ ‘ಭರದ್ವಾಜ’ವನ್ನು ಮುಂದಿಟ್ಟರು. ಸಂಸ್ಕೃತ ನಿಘಂಟುಗಳು ಅದಕ್ಕೆ ಬಾನಿಗೇರಿ ಹಾಡುವ ನೆಲಗುಬ್ಬಿ ಎಂದು ಅರ್ಥ ಹೇಳುವುದು ನಿಜ. ಆದರೆ ಮರಾಠಿಯಲ್ಲಿ ‘ಭಾರದ್ವಾಜ’ ಎಂದರೆ ಕೆಂಬೂತ. ಔರಾದ, ಭಾಲ್ಕಿ, ಬಸವಕಲ್ಯಾಣಗಳ ಓದುಗರು ಆ ಹೆಸರನ್ನು ಕಂಡು ಬೇಲಿಸಾಲಿನ ಕೆಂಬೂತವನ್ನೇ ನೆನೆದರೆ ತಪ್ಪು ಅವರದಲ್ಲ. ‘ಸಣ್ಣ ಜುಟ್ಟಿನ ನೆಲಗುಬ್ಬಿ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. ಇದಕ್ಕಿಂತ ಚಿಕ್ಕದು ಸಿಕ್ಕರೆ ಸಂತೋಷ.

ಆವಾಸದ ಕಾಲಂನಲ್ಲಿ ‘ಮಡ್ಡಿ’ ಎಂದೇ ಬರೆಯುತ್ತಿದ್ದೇವೆ, ಅದನ್ನು ಬದಲಿಸುವ ಇರಾದೆಯಿಲ್ಲ. ದಕ್ಷಿಣದ ಕೆಲವರಿಗೆ ಆ ಪದದಿಂದ ಎಣ್ಣೆಯ ಗಸಿಯೋ ಮಂದಬುದ್ಧಿಯೋ ನೆನಪಾಗಬಹುದು. ಇಲ್ಲಿ ಅದು ಕಲ್ಲು, ಗರಸು, ಕುರುಚಲು ಹುಲ್ಲು ಇರುವ ಎತ್ತರದ ನೆಲ. ಪಹಣಿಯಲ್ಲಿ ಅದೇ ನೆಲ ‘ಖರಾಬು’ ಎಂದೋ ‘ಗಾಯರಾಣ’ ಎಂದೋ ನಮೂದಾಗಿರುತ್ತದೆ. ಬೀದರ್ ಸುತ್ತಲಿನ ಜಂಬಿಟ್ಟಿಗೆ ಬಯಲಿನಲ್ಲಿ ಇಂಥ ಮಡ್ಡಿಗಳು ಹೇರಳ. ಹಕ್ಕಿ ಹುಡುಕುವವರು ಸಾಮಾನ್ಯವಾಗಿ ಚಿಂಚೋಳಿ ವನ್ಯಧಾಮದ ಕಡೆಗೆ ಮುಖಮಾಡುತ್ತಾರೆ. ಈ ಹಕ್ಕಿಗೆ ಕಾಡು ಒಗ್ಗುವುದಿಲ್ಲವಾದ್ದರಿಂದ ಅಲ್ಲಿ ಮರಗಳ ನಡುವೆ ಎಷ್ಟು ಅಲೆದರೂ ಫಲವಿಲ್ಲ.

ಈಗ ಮುಖ್ಯ ಪ್ರಶ್ನೆ. ಒಂದು ಹಕ್ಕಿ ಒಂದು ಊರಿನ ಸೀಮೆಯಲ್ಲಿ ಮರಿ ಮಾಡುತ್ತದೆ ಎನ್ನಲು ಇರುವ ಪುರಾವೆಯನ್ನು ಹಕ್ಕಿಗಣತಿ ಮಾಡುವವರು ಮೂರು ಮೆಟ್ಟಿಲುಗಳಲ್ಲಿ ದಾಖಲಿಸುತ್ತಾರೆ. ಯುರೋಪಿನ ಹಕ್ಕಿ ಭೂಪಟಗಳಲ್ಲಿಯೂ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿಯೂ ಇದೇ ಕ್ರಮವಿದೆ. ತಕ್ಕ ಋತುವಿನಲ್ಲಿ, ತಕ್ಕ ನೆಲದಲ್ಲಿ ಗಂಡು ಹಾಡುತ್ತಿತ್ತು ಎಂಬುದು ಕೆಳಗಿನ ಮೆಟ್ಟಿಲು. ಒಂದು ವಾರ ಕಳೆದು ಹೋದಾಗಲೂ ಅದೇ ಜಾಗದಲ್ಲಿ ಹಾಡುತ್ತಿತ್ತು, ಅಥವಾ ಜೋಡಿಯಾಗಿ ಕಂಡಿತು ಎಂಬುದು ನಡುವಿನದು. ಕೊಕ್ಕಿನಲ್ಲಿ ಹುಳು ಹಿಡಿದು ಮರಿಗಳಿಗೆ ಒಯ್ಯುತ್ತಿತ್ತು, ಅಥವಾ ಗೂಡಿನಲ್ಲಿ ತತ್ತಿ ಇದ್ದವು ಎಂಬುದು ಮೇಲಿನದು. ನೆಲಗುಬ್ಬಿಯ ಗೂಡು ಹುಲ್ಲಿನ ಬುಡದಲ್ಲಿಯೋ ಕಲ್ಲಿನ ಮಗ್ಗುಲಲ್ಲಿಯೋ ನೆಲಕ್ಕಂಟಿಕೊಂಡಿರುವುದರಿಂದ, ಹುಡುಕಹೋದವರ ಕಾಲೇ ಅದನ್ನು ತುಳಿಯುವ ಅಪಾಯವಿದೆ. ದೂರದಲ್ಲಿ ಕುಳಿತು, ಹುಳು ಹಿಡಿದ ಹಕ್ಕಿ ಎಲ್ಲಿ ಇಳಿಯಿತೆಂದು ನೋಡಿದರೆ ಮೇಲಿನ ಮೆಟ್ಟಿಲಿಗೆ ಅಷ್ಟೇ ಸಾಕು.

ಈ ಮೂರಕ್ಕೆ ಕ್ರಮವಾಗಿ ‘ಸಾಧ್ಯ’, ‘ಸಂಭಾವ್ಯ’, ‘ಖಚಿತ’ ಎಂದು ಮೊದಲ ಕರಡಿನಲ್ಲಿ ಬರೆದೆವು. ‘ಖಚಿತ’ದ ಬಗ್ಗೆ ತಕರಾರಿಲ್ಲ. ಆದರೆ ‘ಸಾಧ್ಯ’ಕ್ಕಿಂತ ‘ಸಂಭಾವ್ಯ’ ಒಂದು ಮೆಟ್ಟಿಲು ಮೇಲೆಂದು ಓದುಗರಿಗೆ ಯಾರು ಹೇಳಬೇಕು? ಪತ್ರಿಕೆಗಳಲ್ಲಿ ‘ಮಳೆ ಸಾಧ್ಯತೆ’, ‘ಮಳೆ ಸಂಭವ’ ಎರಡನ್ನೂ ಒಂದೇ ತೂಕದಲ್ಲಿ ಬಳಸುತ್ತಾರೆ. ನಾಮಪದಗಳ ಗೊಡವೆಯನ್ನೇ ಬಿಟ್ಟು, ಕನ್ನಡ ಕ್ರಿಯಾಪದವೇ ತನ್ನೊಳಗಿಟ್ಟುಕೊಂಡಿರುವ ಅಂತರಗಳನ್ನು ಬಳಸಿದರೆ ಹೇಗೆ ಎಂಬ ಯೋಚನೆ ಆಗ ಬಂದಿತು.

ಅಲ್ಲಿ ಮೂರು ರೂಪಗಳು ಸಿಗುತ್ತವೆ. ‘ಮರಿ ಮಾಡೀತು’ ಎಂಬ ಸಂಭಾವನಾರ್ಥಕ ರೂಪ ಹೆಚ್ಚಾಗಿ ಮುಂದಾಗುವುದರ ಊಹೆ, ಕೆಲವೊಮ್ಮೆ ಎಚ್ಚರಿಕೆ ಕೂಡ. ‘ಬಿದ್ದೀಯೆ, ಜೋಕೆ’ ಎನ್ನುವಾಗಿನ ಧ್ವನಿ ಅದರಲ್ಲಿದೆ. ‘ಮರಿ ಮಾಡಿರಬಹುದು’ ಎಂದರೆ ಅಲ್ಲಗಳೆಯಲು ಕಾರಣವಿಲ್ಲ ಎಂಬಷ್ಟೇ ಅರ್ಥ. ‘ಮರಿ ಮಾಡಿರಬೇಕು’ ಎಂದಾಗ ಮಾತಾಡುವವನ ಕೈಯಲ್ಲಿ ಏನೋ ಒಂದು ಸುಳಿವಿದೆ, ಆ ಸುಳಿವಿನಿಂದ ಅವನು ತೀರ್ಮಾನಕ್ಕೆ ಬಂದಿದ್ದಾನೆ, ಆದರೆ ಕಣ್ಣಾರೆ ಕಂಡಿಲ್ಲ. ನಡುವಿನ ಮೆಟ್ಟಿಲು ಕೇಳುವುದು ಇದನ್ನೇ. ಆದ್ದರಿಂದ ‘ಮಾಡಿರಬಹುದು’, ‘ಮಾಡಿರಬೇಕು’, ‘ಮಾಡಿದೆ’ ಎಂಬ ಸಾಲನ್ನು ನಾನು ಒಪ್ಪುತ್ತೇನೆ. ‘ಮಾಡೀತು’ವನ್ನು ಬಿಡಬೇಕೆಂಬುದು ನನ್ನ ಮತ, ಆದರೆ ಗೆಳೆಯರಲ್ಲೊಬ್ಬರು, ‘ಇದ್ದೀತು ಬಿಡ್ರಿ’ ಎನ್ನುವ ನಮ್ಮ ಕಡೆಯವರ ಬಾಯಲ್ಲಿ ಆ ರೂಪ ಇಂದಿಗೂ ಜೀವಂತವಾಗಿದೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಅದೇ ತಕ್ಕದ್ದು ಎಂದು ಪಟ್ಟು ಹಿಡಿದಿದ್ದಾರೆ.

‘ಸಂತಾನೋತ್ಪತ್ತಿ’ಯನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇವೆ. ದನಕ್ಕೆ ‘ಈಯು’, ಕೋಳಿಗೆ ‘ಕಾವಿಗೆ ಕೂರು’ ಎಂದು ಬೇರೆಬೇರೆ ಮಾತಿರುವ ಭಾಷೆಯಲ್ಲಿ, ಗೂಡು ಕಟ್ಟುವುದರಿಂದ ಮರಿ ಹಾರುವವರೆಗಿನ ಎಲ್ಲವನ್ನೂ ‘ಮರಿ ಮಾಡು’ ಒಳಗೊಳ್ಳುತ್ತದೆ ಎಂಬ ನಂಬಿಕೆ ನಮ್ಮದು.

ಬಲ್ಲವರಲ್ಲಿ ಕೇಳುವುದು ಇಷ್ಟು. ‘ಮಾಡಿರಬೇಕು’ ಎಂಬುದನ್ನು ಕಾಲಂನ ತಲೆಬರಹವಾಗಿ ಒಂಟಿಯಾಗಿ ಬರೆದಾಗ, ಹಿಂದುಮುಂದಿನ ಮಾತಿಲ್ಲದೆ, ‘ಮಾಡತಕ್ಕದ್ದು’ ಎಂಬ ಕಡ್ಡಾಯದ ಅರ್ಥ ಯಾರಿಗಾದರೂ ಹೊಳೆಯುತ್ತದೆಯೇ? ಮುಂಗಾರಿನ ತಿಂಗಳುಗಳಲ್ಲಿ, ಹಕ್ಕಿ ಇನ್ನೂ ಗೂಡಿನ ಕೆಲಸದಲ್ಲಿರುವಾಗಲೇ ಬರೆಯುವ ಟಿಪ್ಪಣಿಗೆ ‘ಮಾಡುತ್ತಿರಬೇಕು’ ಎಂದು ಬದಲಿಸುವುದು ಅಗತ್ಯವೇ, ಅಥವಾ ಒಂದೇ ರೂಪ ಎರಡಕ್ಕೂ ನಡೆದೀತೇ? ಯಾದಗಿರಿ, ಸುರಪುರದ ಕಡೆಯವರು ಈ ಮೂರು ಮೆಟ್ಟಿಲುಗಳನ್ನು ಮಾತಿನಲ್ಲಿ ಹೇಗೆ ಬೇರ್ಪಡಿಸುತ್ತಾರೆ ಎಂಬುದನ್ನು, ಸಾಧ್ಯವಾದರೆ ಪೂರ್ತಿ ವಾಕ್ಯಗಳಲ್ಲಿ, ಕೇಳಿದ್ದನ್ನು ಕೇಳಿದಂತೆಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.