ಬೋರ್‌ವೆಲ್ ಬತ್ತಿದೆ, ಅನುದಾನ ಬಂದಿಲ್ಲ: ಪಂಚಾಯಿತಿ ಈಗ ಏನು ಮಾಡಬಹುದು?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ, ಕೊಡಗಿನ ಶನಿವಾರಸಂತೆ ಕಡೆ, ಮಾರ್ಚ್ 2024):
ಸರ್, ನಮಸ್ತೆ. ಹೋದ ವರ್ಷ ಮುಂಗಾರು ಕೈಕೊಟ್ಟಿತು, ಈಗ ಕಾಫಿ ಹೂ ಬಿಡಿಸುವ ಹೂಮಳೆಯೂ ಇಲ್ಲ. ನಮ್ಮ ವಾರ್ಡಿನ ಬೋರ್‌ವೆಲ್‌ನಲ್ಲಿ ಬರೀ ಗಾಳಿ ಬರ್ತಿದೆ. ಕಾಫಿ ಕುಯ್ಲು ಮುಗಿದು ಲೈನ್ ಮನೆಯವರಿಗೂ (ತೋಟದ ಕಾರ್ಮಿಕರ ಸಾಲುಮನೆಗಳವರು) ಹಾಡಿಯವರಿಗೂ (ಆದಿವಾಸಿ ಕೇರಿಯವರು) ಕೆಲಸವಿಲ್ಲ. ಕೇಳಿದರೆ ‘ಬರ ಪರಿಹಾರದ ಅನುದಾನ ಬರಲಿ’ ಅಂತಾರೆ. ಅಲ್ಲಿವರೆಗೆ ಪಂಚಾಯಿತಿ ಸುಮ್ಮನೆ ಕೂರಬೇಕಾ?

ಉತ್ತರ (ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಡಿಒ):
ಖಂಡಿತ ಕೂರಬಾರದು ಮೇಡಂ. ಮೊದಲು ಪಂಚಾಯಿತಿ ಖಾತೆ ತೆರೆಸಿ ನೋಡಿ. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದ ಹಣ, ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೇ ಮೀಸಲು. ಟ್ಯಾಂಕರ್ ಅಥವಾ ಖಾಸಗಿ ಬೋರ್‌ವೆಲ್ ಬಾಡಿಗೆಗೆ ಬೇಕಿದ್ದರೆ ತಹಶೀಲ್ದಾರರಿಗೆ ಠರಾವಿನ ಸಮೇತ ಬರೆಯಿರಿ. ಬಾಯಲ್ಲಿ ಹೇಳಿದ್ದು ಯಾವ ಕಡತಕ್ಕೂ ಹೋಗಲ್ಲ.

ಕೆಲಸದ ವಿಷಯಕ್ಕೆ ಬರದ ಘೋಷಣೆಯೇ ಬೇಕಿಲ್ಲ. 2023–24ರ ನಿಯಮದಂತೆ ಉದ್ಯೋಗ ಖಾತ್ರಿ ಯೋಜನೆ ನರೇಗಾದಲ್ಲಿ 100 ದಿನ ಹಕ್ಕು, ಆ ವರ್ಷದ ಕೂಲಿ ದಿನಕ್ಕೆ 316 ರೂಪಾಯಿ. ಬರಪೀಡಿತ ಕಡೆ ಇನ್ನೂ 50 ದಿನ ಸೇರಿಸಲು ಅವಕಾಶವಿದೆ, ಆದರೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಅದನ್ನು ಕಾಯುತ್ತಾ, ಕೈಯಲ್ಲಿರುವ 100 ದಿನ ಕಳೆದುಕೊಳ್ಳಬೇಡಿ. ಕೆಲಸ ಕೇಳುವ ಅರ್ಜಿ ನಮೂನೆ-6 ತುಂಬಿಸಿ, ದಿನಾಂಕ ಹಾಕಿದ ರಸೀದಿಯನ್ನು ಕೆಲಸ ಕೇಳಿದವರ ಕೈಗೇ ಕೊಡಿಸಿ. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಆ ರಸೀದಿ ಇಲ್ಲದಿದ್ದರೆ ಕೆಲಸ ಕೇಳಿದ್ದಕ್ಕೆ ಸಾಕ್ಷಿಯೇ ಇಲ್ಲ. ಅರ್ಜಿ ಬಿಡಿಯಾಗಿ ಬಂದರೆ ಮೂಲೆಗೆ ಬೀಳುತ್ತದೆ, ಇಡೀ ಹಾಡಿಯದ್ದು ಒಟ್ಟಿಗೆ ಕೊಡಿಸಿ.

ಲೈನ್ ಮನೆಯವರು ತಾವಾಗಿ ಕಚೇರಿಗೆ ಬರುವುದು ಕಡಿಮೆ. ಎಷ್ಟೋ ಜನರ ರೇಷನ್ ಕಾರ್ಡ್ ಬೇರೆ ಊರಿನದು, ‘ನಮಗೆ ಇಲ್ಲಿ ಸಿಗಲ್ಲ’ ಅಂದುಕೊಂಡಿರುತ್ತಾರೆ. ಇಲ್ಲೇ ವಾಸವಿದ್ದರೆ ಜಾಬ್ ಕಾರ್ಡ್ ಇಲ್ಲೇ ಕೊಡಬೇಕು. ನೀವೇ ಸಂಜೆ ಹೊತ್ತು ಅವರಲ್ಲಿಗೆ ಹೋಗಿ. ಕೆರೆ ಹೂಳೆತ್ತುವುದು, ಇಂಗುಗುಂಡಿ ತೆಗೆಯುವುದು, ಇವೆಲ್ಲ ಮಳೆ ಹಿಡಿಯುವ ಮೊದಲೇ ಆಗಬೇಕಾದ ಕೆಲಸ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಟ್ಯಾಂಕರ್ ಬರುತ್ತೆ ಸರ್, ಆದರೆ ರಸ್ತೆ ಬದಿಯವರಿಗೆ ಮಾತ್ರ. ಪಕ್ಕದಲ್ಲೇ ಹೊಸ ಬೋರ್ ಬೇರೆ ಕೊರೆಸ್ತಿದ್ದಾರೆ.

ಉತ್ತರ:
ಟ್ಯಾಂಕರಿಗೆ ಒಂದು ಪುಸ್ತಕ ಇಡಿಸಿ. ಎಷ್ಟು ಹೊತ್ತಿಗೆ ಬಂತು, ಎಲ್ಲಿ ಇಳಿಸಿತು ಅಂತ ಬರೆದು, ಅಲ್ಲಿ ನೀರು ಹಿಡಿದ ಹೆಂಗಸರೊಬ್ಬರ ಸಹಿ ಹಾಕಿಸಿ. ಸಹಿ ಇಲ್ಲದ ಟ್ರಿಪ್ಪಿಗೆ ಬಿಲ್ ಪಾಸ್ ಮಾಡಬೇಡಿ. ನೀರನ್ನು ಸಿಂಟೆಕ್ಸ್‌ಗೆ ಬಿಡಿಸಿ ನಲ್ಲಿ ಹಾಕಿಸಿ; ಬಾಗಿಲ ಮುಂದೆ ಸಾಲಾಗಿ ಇಟ್ಟ, ಮುಚ್ಚಳವಿಲ್ಲದ ಡ್ರಮ್ಮುಗಳಲ್ಲೇ ಡೆಂಗಿ ಸೊಳ್ಳೆ ಹುಟ್ಟುವುದು.

ಬೋರಿನ ವಿಷಯ: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೋಡುವಂತಿಲ್ಲ. ಕರ್ನಾಟಕದ 1999ರ ಅಂತರ್ಜಲ ಕಾಯ್ದೆ ಇದನ್ನೇ ಹೇಳುತ್ತದೆ. ಬೋರ್ ಕೊರೆಯುವ ಲಾರಿ ಬಂದ ದಿನವೇ ಲಿಖಿತ ದೂರು ಕೊಡಿ, ಕೊರೆದಾದ ಮೇಲೆ ತಡೆಯುವುದು ಬಹಳ ಕಷ್ಟ.

ಪ್ರಶ್ನೆ (ಕಾಫಿ ಬೆಳೆಗಾರರು):
ಬೆಳೆ ಪರಿಹಾರ ನಮ್ಮ ಜಮ್ಮಾ ಜಮೀನಿಗೆ (ಕೊಡಗಿನ ಮನೆತನಗಳ ವಂಶಪಾರಂಪರ್ಯ ಜಮೀನು) ಸಿಗುತ್ತಾ ಅಣ್ಣ? ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು ಇದೆ, ಸಾಗುವಳಿ ನಾವು ಮಾಡೋದು.

ಉತ್ತರ:
ಇದು ಕೊಡಗಿನವರಿಗೆ ಮಾತ್ರ ಗೊತ್ತಾಗುವ ಸಂಕಟ. 2024ರ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, 2 ಹೆಕ್ಟೇರ್‌ವರೆಗೆ. ಆದರೆ ಹಣ ಹೋಗುವುದು ಪಹಣಿಗೆ ಜೋಡಿಸಿದ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ನೋಡಿ. ಪಹಣಿ ತಿದ್ದುವ ಅಧಿಕಾರ ಪಂಚಾಯಿತಿಗಿಲ್ಲ. ಆದರೆ ಗ್ರಾಮ ಆಡಳಿತ ಅಧಿಕಾರಿಯನ್ನೂ ರೈತ ಸಂಪರ್ಕ ಕೇಂದ್ರದವರನ್ನೂ ಒಂದೇ ದಿನ ಪಂಚಾಯಿತಿ ಕಚೇರಿಗೆ ಕರೆಸಬಹುದು. ನಿಮ್ಮ ಸದಸ್ಯರಿಗೆ ಹೇಳಿ ಆ ದಿನ ಗೊತ್ತು ಮಾಡಿಸಿ, ಒಕ್ಕದ (ಮನೆತನದ) ಪಾಲುದಾರರೆಲ್ಲ ಆಧಾರ್ ಹಿಡಿದು ಒಟ್ಟಿಗೆ ಹೋಗಿ. ಪಟ್ಟೇದಾರರು ಬರದಿದ್ದರೆ ಮಾತು ಮುಂದೆ ಹೋಗಲ್ಲ, ಅವರನ್ನು ಮೊದಲು ಒಪ್ಪಿಸಿ.