‘ಅಗತ್ಯ ತೈಲ’ ಸರಿಯೇ? ಮತ್ತೆ, ‘ನಿರೋಧಕ’ ಅಂದರೆ ಯಾರು ಯಾರನ್ನು ತಡೆಯುವುದು?

ಎಲ್ಲರಿಗೂ ನಮಸ್ಕಾರ.

ಶಿರಸಿ ಸುತ್ತಲಿನ ತೋಟಿಗರಿಗಾಗಿ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ದಾಲ್ಚಿನ್ನಿ ಎಲೆ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ ಇವುಗಳಿಂದ ಎಣ್ಣೆ ಇಳಿಸುವುದು ಹೇಗೆ, ಆ ಎಣ್ಣೆಗೆ ಏನು ಗುಣ ಅನ್ನುವುದು ವಿಷಯ. ಕನ್ನಡ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಕರಡಿನಲ್ಲಿ ಎಸೆನ್ಶಿಯಲ್ ಆಯಿಲ್‌ಗೆ ‘ಅಗತ್ಯ ತೈಲ’ ಅಂತ ಬರೆದಿದ್ದಾರೆ. ಇದನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ. ಇಲ್ಲಿನ ಎಸೆನ್ಶಿಯಲ್ ಬಂದದ್ದು ಎಸೆನ್ಸ್‌ನಿಂದ, ಅಂದರೆ ಗಿಡದ ಸಾರ, ಕಂಪು. ದೇಹಕ್ಕೆ ಬೇಕೇ ಬೇಕು ಅನ್ನುವ ಅರ್ಥ ಅಮೈನೋ ಆಮ್ಲ, ಕೊಬ್ಬಿನ ಆಮ್ಲಗಳಂಥ ಪೋಷಕಾಂಶಗಳ ವಿಷಯದಲ್ಲಿ ಮಾತ್ರ ಸರಿ. ‘ಅಗತ್ಯ’ ಅಂತ ಓದಿ ಯಾರಾದರೂ ದಿನಾ ಒಂದು ಚಮಚ ಕುಡಿದರೆ? ಇವು ತುಂಬಾ ಗಾಢವಾದ ಎಣ್ಣೆಗಳು. ದಾಲ್ಚಿನ್ನಿ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಚರ್ಮವೇ ಉರಿಯುತ್ತದೆ.

‘ಸಾರಭೂತ ತೈಲ’ ಅರ್ಥದಲ್ಲಿ ಸರಿ. ಆದರೆ ತೈಲ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಬೇರು, ಸೊಪ್ಪು ಹಾಕಿ ಕಾಯಿಸಿದ ಆಯುರ್ವೇದದ ತೈಲ. ತಿಲ ಅಂದರೆ ಎಳ್ಳು, ಅದರಿಂದ ತೈಲ. ಅದು ಜಿಡ್ಡಿನ ಎಣ್ಣೆ, ಇದು ಹಾರಿಹೋಗುವ ಎಣ್ಣೆ. ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಕಾಗದದ ಮೇಲೆ ಬಿಟ್ಟರೆ ಕಲೆ ಉಳಿಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಬಿಟ್ಟರೆ ನಿಧಾನಕ್ಕೆ ಆರಿಹೋಗುತ್ತದೆ. ‘ಗಂಧದೆಣ್ಣೆ’ ಅನ್ನೋಣವೆಂದರೆ ಅದು ಶ್ರೀಗಂಧಕ್ಕೇ ಮೀಸಲಾಗಿದೆ. ನನ್ನ ಒಲವು ‘ಕಂಪೆಣ್ಣೆ’ ಕಡೆಗೆ. ಅಪ್ಪೆಮಿಡಿಯ ಪರಿಮಳ ಸೊನೆಯಲ್ಲಿದೆ ಅಂತ ಇಲ್ಲಿ ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತು. ಮಾವಿನ ಸೊನೆಯ ಕಂಪಿಗೆ ಕಾರಣವಾದ ಟರ್ಪೀನುಗಳು ಈ ಎಣ್ಣೆಗಳಲ್ಲೂ ಇವೆ. ಹಾಗಾಗಿ ಕಂಪೆಣ್ಣೆ ಅಂದರೆ ವಿವರಿಸುವುದು ಸುಲಭ, ಅಲ್ವಾ?

ಹೆಚ್ಚು ತಲೆ ಕೆಡಿಸಿರುವುದು ‘ನಿರೋಧಕ’. ಕರಡಿನ ಒಂದೇ ಪುಟದಲ್ಲಿ ‘ಸೂಕ್ಷ್ಮಜೀವಿ ನಿರೋಧಕ ಎಣ್ಣೆ’ ಅಂತಲೂ ಇದೆ, ‘ಔಷಧ ನಿರೋಧಕ ಸೂಕ್ಷ್ಮಜೀವಿ’ ಅಂತಲೂ ಇದೆ. ಮೊದಲನೆಯದರಲ್ಲಿ ಎಣ್ಣೆ ಸೂಕ್ಷ್ಮಜೀವಿಯನ್ನು ತಡೆಯುತ್ತದೆ. ಎರಡನೆಯದರಲ್ಲಿ ಸೂಕ್ಷ್ಮಜೀವಿಯೇ ಔಷಧವನ್ನು ತಾಳಿಕೊಳ್ಳುತ್ತದೆ. ಓದುವವರು ಏನು ಮಾಡಬೇಕು? ‘ನಾಶಕ’ ಅಂದರೆ ಮಾತು ಜಾಸ್ತಿಯಾಯಿತು. ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ಹಚ್ಚಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಎಣ್ಣೆ ಹಾಕಿದ ಕಾಗದದ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಕಂಡರೆ ಬೆಳವಣಿಗೆ ನಿಂತಿದೆ ಅಂತ ಹೇಳಬಹುದು, ಸತ್ತಿವೆ ಅಂತ ಅಷ್ಟರಿಂದಲೇ ಹೇಳಲಾಗದು. ರೋಗ ವಾಸಿಯಾಗುತ್ತದೆ ಅಂತಂತೂ ಹೇಳಲೇಬಾರದು. ದೊಡ್ಡಪತ್ರೆ ಎಣ್ಣೆಯ ಕಾರ್ವಕ್ರೋಲ್ ಎಂಬ ಅಂಶ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತದೆ ನಿಜ, ಆದರೆ ತಟ್ಟೆಯಲ್ಲಿ ಆದದ್ದೆಲ್ಲ ದೇಹದಲ್ಲಿ ಆಗಬೇಕೆಂದಿಲ್ಲ.

‘ನಂಜುನಿರೋಧಕ’ ಹಾಕಿ ಅಂತ ಸ್ನೇಹಿತರೊಬ್ಬರು ಹೇಳಿದರು. ಆದರೆ ನಂಜು ಅಂದರೆ ಗಾಯ ಕೀವಾಗುವುದೂ ಹೌದು, ಗಾಯ ಇದ್ದಾಗ ಬದನೆಕಾಯಿ ನಂಜು ಅನ್ನುವುದೂ ಹೌದು. ಎರಡೂ ಬೆರೆತುಹೋಗುತ್ತವೆ. ಸದ್ಯಕ್ಕೆ ‘ಸೂಕ್ಷ್ಮಾಣು ತಡೆಯುವ ಎಣ್ಣೆ’, ‘ಔಷಧಕ್ಕೆ ಬಗ್ಗದ ಸೂಕ್ಷ್ಮಾಣು’ ಅಂತ ಬಿಡಿಸಿ ಬರೆದಿದ್ದೇನೆ.

ಆ್ಯಂಟಿಆಕ್ಸಿಡೆಂಟ್‌ಗೆ ಇರುವ ‘ಉತ್ಕರ್ಷಣ ನಿರೋಧಕ’ ಮಾತ್ರ ಬಗೆಹರಿದಿಲ್ಲ. ಉತ್ಕರ್ಷ ಅಂದರೆ ಏಳಿಗೆ. ಏಳಿಗೆಯನ್ನು ತಡೆಯುವುದು ಒಳ್ಳೆಯ ಗುಣ ಹೇಗಾಯಿತು ಅಂತ ಯಾರಾದರೂ ಕೇಳಿಯಾರು. ಹಳೆಯ ಶೇಂಗಾ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದಲ್ಲ, ಈ ಪದದ ಉತ್ಕರ್ಷಣ ಅಂದರೆ ಅದೇ ಕ್ರಿಯೆ, ಆಕ್ಸಿಡೇಶನ್. ಆದ್ದರಿಂದ ‘ಕಮಟು ತಡೆ’ ಅನ್ನಬಹುದೇ ಅಂತ ಯೋಚಿಸಿದೆ. ತಿನ್ನುವ ಪದಾರ್ಥಕ್ಕೆ ಅದು ಒಪ್ಪುತ್ತದೆ. ಆದರೆ ಕರಡಿನಲ್ಲಿ ಆ್ಯಂಟಿಆಕ್ಸಿಡೆಂಟ್ ಗುಣ ಅಳೆಯುವ ಡಿಪಿಪಿಎಚ್ (ನೇರಳೆ ಬಣ್ಣದ ಒಂದು ರಾಸಾಯನಿಕ) ಪರೀಕ್ಷೆಯೂ ಇದೆ. ದಾಲ್ಚಿನ್ನಿ ಎಲೆಯ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶ ಹೈಡ್ರೋಜನ್ ಬಿಟ್ಟುಕೊಟ್ಟಾಗ ಅದರ ನೇರಳೆ ದ್ರಾವಣ ಹಳದಿಗೆ ತಿರುಗುತ್ತದೆ. ಅಲ್ಲಿ ಕಮಟಿನ ಮಾತೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಭಟ್ಟಿ ಇಳಿಸಿದಾಗ ನೀರಿನ ಜೊತೆ ಬರುವ ಎಣ್ಣೆಯ ಬಗ್ಗೆ, ‘ಮೇಲೆ ತೇಲುವ ಎಣ್ಣೆ ತೆಗೆಯಿರಿ’ ಅಂತ ಕರಡು ಹೇಳುತ್ತದೆ. ಮಜ್ಜಿಗೆ ಹುಲ್ಲಿಗೆ ಸರಿ, ದಾಲ್ಚಿನ್ನಿ ಎಲೆಯ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ‘ಬೇರೆಯಾಗಿ ನಿಂತ ಎಣ್ಣೆ’ ಅಂತ ಬದಲಿಸಿದ್ದೇನೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಕಮಟಿಗೆ ಬೇರೆ ಪದ ಬಳಸುತ್ತೀರಾ? ಹವ್ಯಕ, ಹಾಲಕ್ಕಿ ಮನೆಮಾತಿನವರು, ಕೊಂಕಣಿ ಬಲ್ಲವರು ದಯವಿಟ್ಟು ಹೇಳಿ. ಕಂಪೆಣ್ಣೆಯನ್ನು ಒಪ್ಪದವರು ಕಾರಣವನ್ನೂ ಬರೆಯಿರಿ.