ಶ್ರವಣ ಸಾಧನದ ಪರೀಕ್ಷಾ ವರದಿ: ಗೇನ್ 52 ಇದ್ದದ್ದು 45 ಆಗಿದೆಯೇ?

ಪ್ರಶ್ನೆ (ಹಾಸನದ ಓದುಗ)

ನಮಸ್ಕಾರ. ನಮ್ಮ ತಂದೆಯವರಿಗೆ 74 ವರ್ಷ. ಕಿವಿಯ ಹಿಂದೆ ಕೂರುವ ಶ್ರವಣ ಸಾಧನವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದಾರೆ. ಈಚೆಗೆ ‘ಸದ್ದು ಕೇಳಿಸುತ್ತದೆ, ಮಾತು ಮಾತ್ರ ಒಡೆದು ಬರುತ್ತದೆ’ ಎನ್ನುತ್ತಿದ್ದರಿಂದ ಅದನ್ನು ಪರೀಕ್ಷೆಗೆ ಕೊಟ್ಟೆವು. ಕೈಗೆ ಬಂದ ವರದಿಯಲ್ಲಿ ಒಎಸ್‌ಪಿಎಲ್90 ಸರಾಸರಿ 122 ಡೆಸಿಬೆಲ್, ಫುಲ್ ಆನ್ ಗೇನ್ 52, ರೆಫರೆನ್ಸ್ ಟೆಸ್ಟ್ ಗೇನ್ 45, 800 ಹರ್ಟ್ಸ್‌ನಲ್ಲಿ ಡಿಸ್ಟಾರ್ಷನ್ ಶೇಕಡ 11 ಎಂದಿದೆ. ಫೋನಿನ ಅನುವಾದದಲ್ಲಿ ನೋಡಿದರೆ ಗೇನ್ ಎಂಬುದಕ್ಕೆ ‘ಲಾಭ’ ಎಂದು ಬಂತು. 52 ಇದ್ದದ್ದು 45ಕ್ಕೆ ಇಳಿದಿದೆ ಎಂದರೆ ಸಾಧನದ ಶಕ್ತಿ ಕುಂದಿದೆ ಎಂದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮೈಸೂರಿನ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ)

ಸರ್, ಶಕ್ತಿ ಕುಂದಿಲ್ಲ. ಗೇನ್ ಎಂದರೆ ಇಲ್ಲಿ ವರ್ಧನೆ: 60 ಡೆಸಿಬೆಲ್ ಸದ್ದು ಒಳಗೆ ಹೋಗಿ 105 ಆಗಿ ಹೊರಬಂದರೆ ವರ್ಧನೆ 45.

ಒಎಸ್‌ಪಿಎಲ್90 ಎಂಬುದು ಸಾಧನದ ಮೇಲ್ಮಿತಿ. ವಾಲ್ಯೂಮನ್ನು ಪೂರ್ತಿ ಏರಿಸಿ, 90 ಡೆಸಿಬೆಲ್ ಸದ್ದು ಕೊಟ್ಟು, ಹೊರಬರುವುದನ್ನು ಅಳೆಯುತ್ತಾರೆ. 1000, 1600, 2500 ಹರ್ಟ್ಸ್‌ಗಳಲ್ಲಿ ಸಿಕ್ಕ ಅಳತೆಗಳ ಸರಾಸರಿಯೇ ನಿಮ್ಮ 122. ಶ್ರವಣ ಸಾಧನಗಳ ಪರೀಕ್ಷೆಗಿರುವ ಅಮೆರಿಕದ ಎಎನ್‌ಎಸ್‌ಐ ಎಸ್3.22 ಮಾನದಂಡದ ಪ್ರಕಾರ ಈ ಸಂಖ್ಯೆಯಿಂದ 77 ಕಳೆದರೆ ರೆಫರೆನ್ಸ್ ಟೆಸ್ಟ್ ಗೇನ್ ಸಿಗುತ್ತದೆ, ಅಂದರೆ 45. ಈ 77 ಎಲ್ಲಿಂದ ಬಂತೆಂದರೆ, ಸಾಮಾನ್ಯ ಮಾತಿನ ಸರಾಸರಿ ಮಟ್ಟ 65 ಡೆಸಿಬೆಲ್, ಅದರ ನಡುನಡುವೆ ಏಳುವ ಶಿಖರಗಳು ಅದಕ್ಕಿಂತ 12 ಡೆಸಿಬೆಲ್ ಮೇಲೆ ಎಂಬ ಲೆಕ್ಕದಿಂದ. ವಾಲ್ಯೂಮನ್ನು ಇಳಿಸಿ ವರ್ಧನೆಯನ್ನು ಈ 45ಕ್ಕೆ ಹೊಂದಿಸಿದಾಗ ಮಾತಿನ ಶಿಖರಗಳು ಸಾಧನದ ಮೇಲ್ಮಿತಿಯನ್ನು ಮುಟ್ಟುತ್ತವೆಯೇ ಹೊರತು ದಾಟುವುದಿಲ್ಲ. ಡಿಸ್ಟಾರ್ಷನ್, ಒಳಗದ್ದಲ, ಬ್ಯಾಟರಿಯ ಬಳಕೆ ಇವೆಲ್ಲವನ್ನೂ ಈ ಸ್ಥಿತಿಯಲ್ಲೇ ಅಳೆಯುತ್ತಾರೆ. ಹಾಗಾಗಿ ವಾಲ್ಯೂಮ್ ಪೂರ್ತಿ ಏರಿಸಿದಾಗಿನ 52 (ಫುಲ್ ಆನ್ ಗೇನ್) ಮತ್ತು ಹೀಗೆ ಹೊಂದಿಸಿದಾಗಿನ 45 ಒಂದೇ ಸಾಧನದ ಎರಡು ಸ್ಥಿತಿಗಳು. ಹಿಂದಿನದು, ಈಗಿನದು ಎಂದಲ್ಲ.

ನನ್ನ ಗಮನ ಸೆಳೆದದ್ದು ಆ ಶೇಕಡ 11. 800 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನೇ ಕೊಟ್ಟರೂ ಸಾಧನವು 1600, 2400 ಹರ್ಟ್ಸ್‌ಗಳಲ್ಲಿ ಇಲ್ಲದ ಸ್ವರಗಳನ್ನು ತಾನಾಗಿ ಸೇರಿಸುತ್ತಿದೆ ಎಂದು ಅದರರ್ಥ. ಸಾಧನದ ಜೊತೆ ಬಂದ ಕೈಪಿಡಿಯಲ್ಲಿ ಈ ಸಾಲಿನ ಎದುರು ಎಷ್ಟಿದೆ, ಪರೀಕ್ಷೆಯಲ್ಲಿ ಹೊಸ ಬ್ಯಾಟರಿ ಹಾಕಿದ್ದರೇ, ದಯವಿಟ್ಟು ನೋಡಿ ತಿಳಿಸಿ.

ಉತ್ತರ 2 (ಇಯರ್ ಮೋಲ್ಡ್ ಕೆಲಸದಲ್ಲಿರುವವರು)

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ಅಳತೆಗಳೆಲ್ಲ ಕಿವಿಯಲ್ಲಿ ಮಾಡಿದವಲ್ಲ, ‘2 ಸಿಸಿ ಕಪ್ಲರ್’ ಎಂಬ ಲೋಹದ ಪುಟ್ಟ ಗೂಡಿನಲ್ಲಿ ಮಾಡಿದವು. ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೋಲ್ಡ್‌ನ ತುದಿಗೂ ಕಿವಿಯ ತಮಟೆಗೂ ನಡುವೆ ಉಳಿಯುವ ಜಾಗ ಅದಕ್ಕಿಂತ ಕಿರಿದು. ಆದ್ದರಿಂದ ತಮಟೆಯ ಬಳಿ ಸದ್ದು, ಅದರಲ್ಲೂ ಮೇಲಿನ ಸ್ವರಗಳು, ವರದಿಯಲ್ಲಿರುವುದಕ್ಕಿಂತ ಜೋರಾಗಿರುತ್ತವೆ. ಚಿಕ್ಕ ಮಕ್ಕಳಲ್ಲಿ ಈ ಅಂತರ ಇನ್ನೂ ದೊಡ್ಡದು. ಸಾಧನ ಸರಿಯಿದೆಯೇ ಎಂದು ತಿಳಿಯಲು ಕಪ್ಲರ್ ಸಾಕು, ಆದರೆ ತಂದೆಯವರ ಕಿವಿಗೆ ಎಷ್ಟು ತಲುಪುತ್ತಿದೆ ಎಂದು ತಿಳಿಯಲು ತೆಳುವಾದ ಮೆತ್ತನೆಯ ಕೊಳವೆಯೊಂದನ್ನು ಕಿವಿಯೊಳಗೆ ಇಳಿಸಿ ಅಳೆಯುವ ರಿಯಲ್ ಇಯರ್ ಮೆಷರ್‌ಮೆಂಟ್ ಆಗಬೇಕು.

ಮರುಪ್ರಶ್ನೆ (ಹಾಸನದ ಓದುಗ)

ಇಬ್ಬರಿಗೂ ಧನ್ಯವಾದಗಳು. ಕೈಪಿಡಿಯಲ್ಲಿ ಶೇಕಡ 2 ಎಂದಿದೆ. ಪರೀಕ್ಷೆ ಮಾಡಿದವರು ಹೊಸ ಬ್ಯಾಟರಿಯ ಅಂಟುಚೀಟಿಯನ್ನು ನನ್ನ ಎದುರೇ ಕಿತ್ತು ಸಾಧನಕ್ಕೆ ಹಾಕಿದರು. ‘ರಿಸೀವರ್ ಬದಲಿಸಬೇಕಾಗಬಹುದು’ ಎಂದೂ ಹೇಳಿದರು. ರಿಸೀವರ್ ಎಂದರೆ ಸದ್ದನ್ನು ಹಿಡಿಯುವ ಮೈಕ್ ತಾನೇ?

ಉತ್ತರ (ಮೈಸೂರಿನ ಆಡಿಯಾಲಜಿಸ್ಟ್)

ಅಲ್ಲ ಸರ್, ಈ ಪದ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ನಮ್ಮ ವೃತ್ತಿಯಲ್ಲಿ ರಿಸೀವರ್ ಎಂದರೆ ಸದ್ದನ್ನು ಕಿವಿಗೆ ಕೊಡುವ ಪುಟ್ಟ ಸ್ಪೀಕರ್. ಹಳೆಯ ಟೆಲಿಫೋನಿನಲ್ಲಿ ಕಿವಿಗೆ ಹಿಡಿಯುವ ಭಾಗಕ್ಕೆ ಇದ್ದ ಹೆಸರೇ ಇದಕ್ಕೂ ಉಳಿದಿದೆ. ಸಾಧನ ಕೆಳಗೆ ಬಿದ್ದರೆ, ಬೆವರಿನ ತೇವ ಒಳಗೆ ಸೇರಿದರೆ ಮೊದಲು ಕೆಡುವ ಭಾಗಗಳಲ್ಲಿ ಇದೂ ಒಂದು. ಹೊಸ ಬ್ಯಾಟರಿಯಲ್ಲೂ ಶೇಕಡ 11 ಬಂದಿರುವುದರಿಂದ ಅವರ ಊಹೆ ಸರಿಯಿರಬಹುದು. ಬದಲಿಸಿದ ಮೇಲೆ ಅದೇ ಕಪ್ಲರಿನಲ್ಲಿ ಮತ್ತೊಮ್ಮೆ ಅಳೆಸಿ, ಆ ಸಾಲನ್ನು ಕೈಪಿಡಿಯ ಶೇಕಡ 2ರ ಜೊತೆ ಹೋಲಿಸಿ ನೋಡಿದ ನಂತರವೇ ಹಣ ಕೊಡಿ.